ನೂರಕ್ಕೆ ಇಬ್ಬರು

ಮಡಗಾಂವ್
12 ನವೆಂಬರ್ 2024

ಪ್ರೀತಿಯ ಗಂಗಕ್ಕನಿಗೆ ತಂಗಿ ಸಾವಂತ್ರಿಯ ಶರಣು.

ಕೊನೆಗೂ ತಾರೀಖು ಸಿಕ್ಕಿತಕ್ಕಾ! ನಾಳೆ ಬೆಳಿಗ್ಗೆ ಎಂಟಕ್ಕೆ ನನ್ನ ಹೃದಯದ ಆಪರೇಶನ್. ಖುಷಿಗೆ ಆಸ್ಪತ್ರೆಯ ಮಂಚದ ಮೇಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ. ಮೂರು ರಕ್ತನಾಳ ಮುಚ್ಚಿಕೊಂಡು, ಅರ್ಧ ಕೊಡ ನೀರೆತ್ತಿದರೂ ಎದೆ ಹಿಡಿಯುತ್ತಿತ್ತು. ಫೆಬ್ರುವರಿಯಲ್ಲಿ ಮಗಳು ನೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಬಾಣಂತಿಗೆ ನೀರು ಹಾಕದ ನಾನು ಯಾತರ ತಾಯಿ?

ನಿನ್ನೆ ದೊಡ್ಡ ರಂಪವಾಯಿತು. ನರ್ಸ್ ಪ್ರಾಚಿ ಬಂದು ಮೈಮೇಲಿನದೆಲ್ಲ ಬಿಚ್ಚಿಡಬೇಕು, ತಾಳಿಯನ್ನೂ, ಅಂದಳು. ಗಂಡ ಕಣ್ಣೆದುರು ಗಟ್ಟಿಮುಟ್ಟಾಗಿ ನಿಂತಿರುವಾಗ ತಾಳಿ ಬಿಚ್ಚುವುದೇ? ಆಸ್ಪತ್ರೆಯ ನಿಲುವಂಗಿಯಲ್ಲೇ ಹೊರಬಿದ್ದು, ಮನೆಗೆ ಹೋಗಲು ಸಾಂಗೆ ಊರಿನ ಬಸ್ಸಿಗೆ ಕಾಯುತ್ತ ನಿಂತೆ. ನಮ್ಮವರು ಓಡಿಬಂದು, ಇತ್ತ ತಾ, ನಾ ಹಾಕ್ಕೊಂತೀನಿ, ನಮ್ಮಿಬ್ಬರದ ಅಲ್ಲೇನು ಅದು ಅಂದವರೇ ತಾಳಿಯನ್ನು ತಮ್ಮ ಕೊರಳಿಗೆ ಹಾಕಿಕೊಂಡುಬಿಟ್ಟರು. ಆ ಮೀಸೆಗೂ ಈ ತಾಳಿಗೂ! ಬಸ್ಸಿಗೆ ನಿಂತವರೆಲ್ಲ ನಕ್ಕರು. ನಾನೂ ಹೊಟ್ಟೆ ಹಿಡಿದು ನಕ್ಕು, ಅವರ ಹಿಂದೆಯೇ ವಾಪಸು ಬಂದೆ.

ನಿನ್ನ ಮುಂದೆ ಮುಚ್ಚಿಡಲಾರೆ. ಇಷ್ಟು ವರ್ಷ ಗೋವಾದವರ ಮನೆಗಳಲ್ಲಿ ಅಡುಗೆ ಮಾಡಿದವಳು ನಾನು, ಹಾಗಾಗಿ ಡಾಕ್ಟರು ನನ್ನೊಡನೆ ಕೊಂಕಣಿಯಲ್ಲೇ ಮಾತಾಡುತ್ತಾರೆ. ನಮ್ಮವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವಳು ನಾನೇ. ಕಟ್ಟಡಕ್ಕೆ ಬಡಿಯುವ ಸೆಂಟ್ರಿಂಗ್ ಹಲಗೆ ಬಿಟ್ಟರೆ ಅವರಿಗೇನು ಗೊತ್ತು? ಹೃದಯ ಬಹಳ ಸೋತಿದೆ, ಇಂಥ ನೂರು ಮಂದಿಯಲ್ಲಿ ಇಪ್ಪತ್ತು ಮಂದಿ ಉಳಿಯುವುದಿಲ್ಲ, ಆಪರೇಶನ್ ಮಾಡದಿದ್ದರೆ ವರ್ಷ ದಾಟುವುದೂ ಕಷ್ಟ ಅಂದರು ಡಾಕ್ಟರು. ನಾನು ಇವರಿಗೆ ನೂರಕ್ಕೆ ಇಬ್ಬರು ಅಂದೆ. ಖರೆ ಹೇಳಿದ್ದರೆ ಈ ಅಂಜುಬುರುಕರು ಕಾಗದಕ್ಕೆ ಸಹಿ ಹಾಕುತ್ತಿದ್ದರೇ? ನೀಲಾಳಿಗೂ ಹೇಳಬೇಡ. ಉಳಿಯುವ ಎಂಬತ್ತರಲ್ಲಿ ನಾನೊಬ್ಬಳು, ಬರೆದಿಟ್ಟುಕೋ.

ಫೋನು ಮಾಡಿದರೆ ನನ್ನ ಏದುಸಿರು ಕೇಳಿ ನೀನು ಅಳುತ್ತೀ, ಅದಕ್ಕೇ ಪತ್ರ. ಇವರ ಕೈಯಲ್ಲೇ ಅಂಚೆಗೆ ಕೊಡಿಸುತ್ತೇನೆ, ಇನ್ನೊಬ್ಬರ ಪತ್ರ ಓದುವವರಲ್ಲ ಇವರು.

ನಿನ್ನ
ಸಾವಂತ್ರಿ

ತಾ.ಕ.: ಅಕ್ಕಾರ, ನಾ ಭರಮಪ್ಪ. ಲಕೋಟಿ ಅಂಟಸೂಕಿಂತ ಮೊದಲ ಓದೀನಿ, ತಪ್ಪ ತಿಳೀಬ್ಯಾಡ್ರಿ. ಇಪ್ಪತ್ತೆರಡ ವರ್ಷ ಸೆಂಟ್ರಿಂಗ್ ಕೆಲಸದಾಗ ಕೊಂಕಣಿ ಮುಕಾದಮನ ಕಡೆ ಬೈಸ್ಕೊಂಡ ದುಡದಾಂವಗ, ಡಾಕ್ಟರ ಹೇಳಿದ್ದು ತಿಳಿಯೂದಿಲ್ಲೇನ್ರಿ? ಎಲ್ಲಾ ತಿಳದನ ಸಹಿ ಮಾಡೀನಿ. ಆದ್ರ ಆಕಿ ಹಿಂಗ ನಕ್ಕೋತ ಒಳಗ ಹೋಗಲಿ ಅಂತ ಸುಮ್ಮನ ಅದೀನಿ. ನೀವೂ ಏನೂ ಅನಬ್ಯಾಡ್ರಿ. ಎದ್ದ ಬಂದ ಮ್ಯಾಲ ನಾನ ಹೇಳಿ ಬೈಸ್ಕೊಂತೀನಿ.