ಒಂದು ಕೈ ಬಿಡು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲ್ಲಿನಲ್ಲಿ ಕಿಟಕಿ ತೆರೆದಿಟ್ಟು ಮಲಗಬೇಡ ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ನರ್ಸ್ ಆಗಲು ಹೊರಟವಳಿಗೆ ನಾವು ಆರೋಗ್ಯದ ಪಾಠ ಹೇಳುವುದು ನಗೆಪಾಟಲೇ ಸರಿ, ಆದರೂ ಹೇಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಮಂಗಳವಾರ ಕೆಲಸದ ಜಾಗದಲ್ಲಿ ನಡೆದದ್ದು ರೆಕ್ಕೆಪುಕ್ಕ ಕಟ್ಟಿಕೊಂಡು ಬೇರೆ ಯಾರಿಂದಲೋ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಬರೆದುಬಿಡೋಣ ಎಂದು ಕೂತಿದ್ದೇನೆ. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ಮೊದಲು ಒಂದು ಗುಟ್ಟು. ನಿನ್ನ ಅಪ್ಪ ಭಾರಿ ಹಗಲುಗನಸುಗಾರ. ಎತ್ತರದ ಕಟ್ಟಡದ ಹೊರಗೆ ಎರಡು ತಂತಿಹಗ್ಗಗಳಿಗೆ ತೂಗುಬಿಟ್ಟ ಕಬ್ಬಿಣದ ತೊಟ್ಟಿಲಲ್ಲಿ ನಿಂತು ದಿನವಿಡೀ ಗಾಜು ಒರೆಸುವವನಿಗೆ ಕೈತುಂಬ ಕೆಲಸ, ತಲೆ ಮಾತ್ರ ಖಾಲಿ. ಆ ಖಾಲಿ ಜಾಗಕ್ಕೆ ನಾನು ಒಂದೊಂದು ದಿನ ಒಂದೊಂದು ಶಕ್ತಿ ತಂದುಕೊಳ್ಳುತ್ತೇನೆ. ಹಾರುವುದು ಹಳೇದಾಯಿತು, ಅದನ್ನು ಎಲ್ಲರೂ ಬಯಸುತ್ತಾರೆ. ನಾನು ಒಮ್ಮೆ ಉಫ್ ಎಂದು ಊದಿದರೆ ಕಟ್ಟಡದ ಅಷ್ಟೂ ಗಾಜು ಫಳಫಳ ಎನ್ನಬೇಕು. ಚಪ್ಪಾಳೆ ತಟ್ಟಿದರೆ ಒಳಗಿನ ಆಫೀಸಿನವರೆಲ್ಲ ಇದ್ದಲ್ಲೇ ಕಲ್ಲಾಗಬೇಕು. ನಾನು ಒಳಗೆ ಹೋಗಿ, ಸದಾ ಕೂಗಾಡುವ ಆ ದಪ್ಪ ಮೀಸೆಯವರ ಕುರ್ಚಿಯಲ್ಲಿ ಬೈಸಿಕೊಳ್ಳುವ ಹುಡುಗಿಯನ್ನು ಕೂರಿಸಿ ಬರಬೇಕು. ಐವತ್ತು ದಾಟಿದವನ ತಲೆಯಲ್ಲಿ ಇಂಥವು ಓಡುತ್ತವೆ ಎಂದು ಅಮ್ಮನಿಗೆ ಗೊತ್ತಾದರೆ ಊರೆಲ್ಲ ಸಾರಿಬಿಡುತ್ತಾಳೆ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಮಂಗಳವಾರ ತೊಟ್ಟಿಲಲ್ಲಿ ನನ್ನ ಜೊತೆಗಿದ್ದವನು ಮೌನಿ. ನೀನು ನೋಡಿದ್ದೀಯ, ಒಮ್ಮೆ ಮನೆಗೆ ಬಂದು ನೀರು ಕುಡಿದು ಒಂದು ಮಾತೂ ಆಡದೆ ಎದ್ದು ಹೋದವನು. ವರ್ಷಗಟ್ಟಲೆ ಜೊತೆಗೆ ದುಡಿದರೂ ಅವನ ಬಾಯಿಂದ ‘ಹೂಂ’, ‘ಉಹೂಂ’ ಬಿಟ್ಟು ಬೇರೇನೂ ಕೇಳಿದವರಿಲ್ಲ. ಹದಿನೈದನೇ ಮಹಡಿ ಮುಗಿಯುತ್ತ ಬಂದಿತ್ತು. ಗಾಜಿನ ತುದಿಯ ಮೂಲೆ ಅವನಿಗೆ ಎಟುಕಲಿಲ್ಲ. ಸೊಂಟದ ಬೆಲ್ಟಿನ ಕೊಕ್ಕೆಯನ್ನು ತೊಟ್ಟಿಲ ಕಂಬಿಯ ಒಂದು ಬಳೆಯಿಂದ ಬಿಡಿಸಿ ಇನ್ನೊಂದಕ್ಕೆ ಹಾಕಲು ಹೋದ. ರೆಪ್ಪೆ ಬಡಿಯುವಷ್ಟರ ಕೆಲಸ ಅದು. ಅಷ್ಟರಲ್ಲೇ ಮೇಲೆ ಏನೋ ಕರಕರ ಎಂದು, ಅವನ ಕಡೆಯ ತಂತಿಹಗ್ಗ ಸರ್ರನೆ ಜಾರಿತು. ತೊಟ್ಟಿಲು ಒಂದೇ ಬದಿಗೆ ವಾಲಿತು. ನೀರಿನ ಬಕೆಟ್ಟು ನನ್ನ ಕಾಲಿಗೆ ಬಡಿದು ಹೊರಗೆ ಹಾರಿತು. ಅದು ನೆಲ ಮುಟ್ಟಿದ ಸದ್ದು ನಮಗೆ ಕೇಳಿಸಲು ಬಹಳ ಹೊತ್ತು ಹಿಡಿಯಿತು, ಪುಟ್ಟಿ.

ನನ್ನ ಬೆಲ್ಟು ನನ್ನನ್ನು ಹಿಡಿದುಕೊಂಡಿತು. ಮೌನಿಯನ್ನು ಹಿಡಿಯಲು ಏನೂ ಇರಲಿಲ್ಲ. ಜಾರುತ್ತಿದ್ದವನ ಬೆಲ್ಟಿಗೆ ನಾನು ಎಡಗೈ ಹಾಕಿದೆ, ಬಲಗೈಯಿಂದ ಮೇಲಿನ ಕಂಬಿಯನ್ನು ತಬ್ಬಿದೆ. ಅವನ ಕಾಲಿಗೆ ತೊಟ್ಟಿಲ ಕೆಳಗಿನ ಅಂಚು ಸಿಕ್ಕಿತು. ಎರಡೂ ಕೈಯಲ್ಲಿ ನನ್ನ ಅಂಗಿಯನ್ನು ಹಿಡಿದು, ಕಣ್ಣು ಮುಚ್ಚಿಬಿಟ್ಟ. ಗಾಜಿನ ಆಚೆ ಆಫೀಸಿನವರೆಲ್ಲ ಎದ್ದು ನಿಂತಿದ್ದರು. ಒಬ್ಬಾಕೆ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಅಳುತ್ತಿದ್ದಳು. ನಮಗೂ ಅವರಿಗೂ ನಡುವೆ ಒಂದು ಮೊಳವೂ ಇರಲಿಲ್ಲ, ಆದರೆ ಆ ಕಿಟಕಿಗಳು ತೆರೆಯುವಂಥವಲ್ಲ.

ತಾರಸಿಯಿಂದ ಮೇಸ್ತ್ರಿ ಕೂಗಿದರು, ಕೊಕ್ಕೆ ಕಟ್ಟಿದ ಇನ್ನೊಂದು ಹಗ್ಗವನ್ನು ಇಳಿಬಿಟ್ಟರು. ಅದು ಸರಿಯಾಗಿ ಮೌನಿಯ ಮುಖದೆದುರು ಬಂದು ತೂಗಿತು. ಒಂದು ಕೈ ಬಿಟ್ಟು ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡರೆ ಬದುಕಿದ. ನನ್ನ ಎರಡೂ ಕೈ ಸಿಕ್ಕಿಕೊಂಡಿದ್ದವು, ಅವನೇ ಮಾಡಬೇಕು.

“ಮೌನಿ, ಕೊಕ್ಕೆ ಬಂದಿದೆ ನೋಡು. ಹಿಡ್ಕೋ.”

“ಉಹೂಂ.”

ಗದರಿದೆ, ಬೇಡಿದೆ. ಉಹೂಂ. ಗಾಳಿಗೆ ತೊಟ್ಟಿಲು ತಿರುಗಿ ಗಾಜಿಗೆ ಬಡಿಯುತ್ತಿತ್ತು, ಬಡಿದಾಗಲೆಲ್ಲ ಅವನ ಕಾಲು ಚೂರು ಚೂರೇ ಜಾರುತ್ತಿತ್ತು. ನನ್ನ ಬೆರಳುಗಳು ನನ್ನವೇ ಅನ್ನಿಸದಷ್ಟು ಮರಗಟ್ಟಿದ್ದವು. ಇನ್ನು ನನ್ನಿಂದಾಗದು ಎಂದು ಗೊತ್ತಾಯಿತು. ಆ ಹೊತ್ತಿನಲ್ಲಿ ಬಾಯಿಗೆ ಏಕೆ ಆ ಮಾತು ಬಂತೋ ದೇವರಿಗೇ ಗೊತ್ತು.

“ಮೌನಿ, ನಿಂಗೊಂದು ಶಕ್ತಿ ಸಿಕ್ಕಿದ್ರೆ ಏನು ಕೇಳ್ತೀಯ? ಹಾರೋದು ಬೇಡ, ಅದನ್ನ ಎಲ್ಲರೂ ಕೇಳ್ತಾರೆ. ಬೇರೆ ಹೇಳು.”

ಅವನು ಕಣ್ಣು ತೆರೆದು, ಇವನಿಗೆ ತಲೆ ಕೆಟ್ಟಿದೆ ಎನ್ನುವಂತೆ ನನ್ನನ್ನೇ ನೋಡಿದ.

“ನಾನು ಒಂದು ಸಲ ಊದಿದ್ರೆ ಗಾಜೆಲ್ಲ ಕ್ಲೀನ್ ಆಗ್ಬೇಕು ಅಂತೀನಿ. ನಿಂದೇನು?”

ಆಮೇಲೆ ಮಾತು ಹೊರಟಿತು ನೋಡು, ಕಟ್ಟೆ ಒಡೆದ ಹಾಗೆ. “ನಾನು ಅಂದ್ಕೊಂಡಿದ್ದು ನನ್ ಹೆಂಡ್ತಿಗೆ ಹಂಗೇ ಕೇಳಿಸ್ಬೇಕಣ್ಣ. ಬಾಯಿ ಬಿಡದೇನೇ. ಬೆಳಿಗ್ಗೆ ಅವಳು ಅಳ್ತಾ ಇದ್ಲು. ನಂದೇ ತಪ್ಪು ಅಂತ ಗೊತ್ತಿತ್ತು. ಹೇಳೋಣ ಅಂತ ಬಾಗಿಲ ತನಕ ಬಂದೆ, ಬಾಯೇ ಬರ್ಲಿಲ್ಲ. ಚಪ್ಪಲಿ ಹಾಕ್ಕೊಂಡು ಬಂದ್ಬಿಟ್ಟೆ. ಈಗ ಹಿಂಗೇ ಹೋಗ್ಬಿಟ್ರೆ ಅವಳು ಏನಂತ ತಿಳ್ಕೋತಾಳೆ?”

“ಅದಕ್ಕೆ ಶಕ್ತಿಗಿಕ್ತಿ ಬೇಡವೋ. ಮನೆಗೆ ಹೋಗಿ ಬಾಯಿ ಬಿಟ್ಟರೆ ಸಾಕು. ಈಗ ಒಂದು ಕೈ ಬಿಡು.”

ಬಿಟ್ಟ. ಆ ಒಂದು ಕೈಯ ಭಾರವೂ ನನ್ನ ಎಡಗೈಗೇ ಬಿತ್ತು. ಅವನು ಕೊಕ್ಕೆಗೆ ಕೈ ಚಾಚಿದ, ತಪ್ಪಿತು. ಹಗ್ಗ ಗಾಳಿಯಲ್ಲಿ ದೂರ ಸರಿದು ಮತ್ತೆ ಬಂತು. ಈ ಸಲ ಹಿಡಿದ. ಬೆಲ್ಟಿನಲ್ಲಿ ಟಕ್ ಎಂದ ಆ ಸದ್ದಿಗಿಂತ ಇಂಪಾದದ್ದನ್ನು, ನೀನು ಹುಟ್ಟಿದಾಗ ಅತ್ತದ್ದೊಂದನ್ನು ಬಿಟ್ಟು, ನಾನು ಕೇಳಿಲ್ಲ.

ಮೊದಲು ಅವನನ್ನು ಮೇಲಕ್ಕೆ ಎಳೆದುಕೊಂಡರು, ಆಮೇಲೆ ಅದೇ ಹಗ್ಗ ಇಳಿಸಿ ನನ್ನನ್ನು. ತಾರಸಿಯ ಮೇಲೆ ಮೌನಿ ಅಂಗಾತ ಮಲಗಿ ಮೇಸ್ತ್ರಿಯ ಫೋನು ಇಸಿದುಕೊಂಡು ಹೆಂಡತಿಯ ಜೊತೆ ಮಾತಾಡಿದ. ನಾವೆಲ್ಲ ಬೇರೆ ಕಡೆ ನೋಡುತ್ತ ನಿಂತೆವು. ತಂತಿಹಗ್ಗಗಳನ್ನೆಲ್ಲ ಬದಲಾಯಿಸುವ ತನಕ ಯಾರೂ ತೊಟ್ಟಿಲು ಹತ್ತುವುದಿಲ್ಲ ಎಂದು ಮೇಸ್ತ್ರಿಯೇ ಮೇಲಿನವರಿಗೆ ಹೇಳಿದ್ದಾರೆ. ಅಮ್ಮ ನನ್ನ ಅಂಗಿ ಹರಿದದ್ದಕ್ಕೆ ಬೈದಳು, ಬೈಯುತ್ತ ಬೈಯುತ್ತ ಅಡುಗೆಮನೆಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಒಂದು ಮಾತು ಹೇಳಲೇ? ಅಲ್ಲಿ ನೇತಾಡುತ್ತಿದ್ದಾಗ ಬಾಯಲ್ಲಿ ಊದುವ ಶಕ್ತಿಯ ಮಾತು ಬಂತೇ ಹೊರತು, ಹಾರಬೇಕು, ಕಾಲವನ್ನು ನಿಲ್ಲಿಸಬೇಕು ಎಂಬ ಒಂದು ಕನಸೂ ನನ್ನ ಹತ್ತಿರ ಸುಳಿಯಲಿಲ್ಲ. ಹಿಡಿದ ಬೆಲ್ಟಿನ ಹೊಲಿಗೆಯನ್ನಷ್ಟೇ ನೋಡುತ್ತಿದ್ದೆ.

ಚೆನ್ನಾಗಿ ಓದು, ಹೊತ್ತುಹೊತ್ತಿಗೆ ಉಣ್ಣು. ನಿನ್ನ ಕೋಣೆಯ ಗೆಳತಿಯನ್ನು ಕೇಳಿದೆವೆಂದು ಹೇಳು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ
ಅಪ್ಪ

ಲಕೋಟೆ ಅಂಟಿಸುವ ಮುಂಚೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ. ಒಳಗೆ ಏನೋ ಹರಿದಿದೆಯಂತೆ, ಮುಂದಿನ ವಾರ ಶುಕ್ರವಾರ ಆಪರೇಷನ್. ಅಮ್ಮ ಧೈರ್ಯವಾಗಿದ್ದಾಳೆ, ನಾನೇ ಇಲ್ಲ. ಪರೀಕ್ಷೆ ಇದ್ದರೆ ಬರಬೇಡ ಎಂದು ಮೇಲೆ ಬರೆದು ಹೊಡೆದುಹಾಕಿದ್ದೇನೆ. ಪರೀಕ್ಷೆ ಇದ್ದರೂ ಬಾ.