ವ್ಯಾಯಾಮ ಕಲಿಸಲು ಬಯಲನ್ನು ಅಗೆಯುವವರಿಗೆ

ಶಿಕ್ಷಣ ಇಲಾಖೆಯ ಮಾನ್ಯ ನಿರ್ದೇಶಕರೇ,

ಬರುವ ಸೋಮವಾರ ತಾವು ನಮ್ಮ ಬೀದಿಯ ಶಾಲೆಗೆ ದಯಮಾಡಿಸಿ, ಆಟದ ಬಯಲಿನ ನಟ್ಟನಡುವೆ ಕೆಂಪು ರಿಬ್ಬನ್ ಕತ್ತರಿಸಿ, ‘ಮಕ್ಕಳ ಆರೋಗ್ಯ ಶಿಕ್ಷಣ ಭವನ’ದ ಕೆಲಸಕ್ಕೆ ಚಾಲನೆ ಕೊಡಲಿದ್ದೀರಿ. ಮಕ್ಕಳು ಓಡುತ್ತಿದ್ದ ಜಾಗದಲ್ಲಿ ಕಟ್ಟಡ ಎಬ್ಬಿಸಿ, ಅದರೊಳಗೆ ಅದೇ ಮಕ್ಕಳನ್ನು ಸಾಲಾಗಿ ಕೂರಿಸಿ, ಓಡುವುದರಿಂದ ಏನೇನು ಪ್ರಯೋಜನ ಎಂದು ಪರದೆಯ ಮೇಲೆ ತೋರಿಸುವ ಯೋಜನೆಯಂತೆ. ಇದು ಯಾವ ತಲೆಗೆ ಹೊಳೆಯಿತೋ ಕಾಣೆ, ಆ ತಲೆಗೊಂದು ದೊಡ್ಡ ನಮಸ್ಕಾರ. ನನ್ನ ತಕರಾರು ಇಷ್ಟೇ: ದಯವಿಟ್ಟು ಆ ಬಯಲನ್ನು ಮುಟ್ಟಬೇಡಿ.

ಇದನ್ನು ಹೇಳಲು ನೀನ್ಯಾರಮ್ಮ ಎಂದು ತಾವು ಕೇಳಬಹುದು. ಶಾಲೆಯ ಗೇಟಿಗೆ ಎದುರಾಗಿ ನನ್ನ ಹೊಲಿಗೆ ಅಂಗಡಿ. ಮಷಿನ್ ಮುಂದೆ ಕೂತು ತಲೆ ಎತ್ತಿದರೆ ಇಡೀ ಬಯಲು ಕಾಣುತ್ತದೆ. ಮಕ್ಕಳ ಸಮವಸ್ತ್ರ ಹೊಲಿಯುವವಳೂ ನಾನೇ, ಹರಿದರೆ ತೇಪೆ ಹಾಕುವವಳೂ ನಾನೇ. ಹಾಗಾಗಿ ತಮ್ಮ ಆರೋಗ್ಯ ಕಾರ್ಯಕ್ರಮದ ಫಲಿತಾಂಶ ತಮ್ಮ ಮೇಜಿಗೆ ಬರುವ ಮುಂಚೆ ನನ್ನ ಮೇಜಿಗೆ ಬಂದು ಬೀಳುತ್ತದೆ. ಹೋದ ವರ್ಷದವರೆಗೂ ಪ್ಯಾಂಟುಗಳು ಮಂಡಿ ಹರಿದುಕೊಂಡು ಬರುತ್ತಿದ್ದವು. ಹಿಂದೆಯೇ ಅಮ್ಮಂದಿರ ಕೈಲಿ ಬೈಸಿಕೊಳ್ಳುತ್ತಾ ಅವುಗಳ ಒಡೆಯರು ಬರುತ್ತಿದ್ದರು. ಈ ವರ್ಷ ಮಂಡಿ ಹೊಚ್ಚ ಹೊಸದಾಗಿಯೇ ಇರುತ್ತದೆ, ಸವೆದಿರುವುದು ಕೂರುವ ಭಾಗ. ಸೊಂಟ ಸ್ವಲ್ಪ ಬಿಟ್ಟುಕೊಡಿ ಎಂದು ಕೇಳುವವರೂ ಜಾಸ್ತಿಯಾಗಿದ್ದಾರೆ. ಮೊನ್ನೆ, ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದ ನಮ್ಮ ಅತ್ತೆ ಅಂಥದ್ದೊಂದು ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿ, “ಏನೇ, ಈ ಹುಡುಗ ಆಫೀಸಿಗೆ ಹೋಗ್ತಾನಾ?” ಎಂದರು.

ಹೋಗುತ್ತಿಲ್ಲ, ಆದರೆ ಅಭ್ಯಾಸ ಮಾಡಿಸುತ್ತಿದ್ದೀರಿ. ಆಟದ ಪೀರಿಯಡ್ ತೆಗೆದು ಆರೋಗ್ಯದ ಪಾಠ ಇಟ್ಟಿರಿ. ಅದೂ ಸಾಲದು ಅಂತ ಊಟದ ಬಿಡುವಿನಲ್ಲೂ ಒಂದು ತುಂಡು ಕತ್ತರಿಸಿಕೊಂಡಿರಿ. ‘ಆಹಾರವನ್ನು ನಿಧಾನವಾಗಿ ಅಗಿದು ತಿನ್ನಬೇಕು’ ಎಂಬ ಪಾಠಕ್ಕೆ ಹೊತ್ತಾಯಿತೆಂದು ಮಕ್ಕಳು ಗಬಗಬ ನುಂಗಿ ಓಡಬೇಕು. ಅಯ್ಯೋ, ತಪ್ಪಾಯಿತು, ಓಡುವಂತಿಲ್ಲ! ವರಾಂಡದಲ್ಲಿ ಓಡಿದರೆ ಹೆಸರು ಬರೆಯುತ್ತಾರೆ. ಬಯಲಿನಲ್ಲಿ ಆಗಲೇ ಅಳತೆಯ ಗೂಟ ನೆಟ್ಟು ಹಗ್ಗ ಕಟ್ಟಿಯಾಗಿದೆ.

ಪಾಠವೇ ಬೇಡ ಎನ್ನುವ ಮೂಢಳಲ್ಲ ನಾನು. ಆ ಪಾಠ ಕೇಳಿ ಬಂದ ಮೇಲೆಯೇ ನನ್ನ ಮಗಳು ತಟ್ಟೆಯ ಮೂಲೆಗೆ ತರಕಾರಿ ತಳ್ಳುವುದನ್ನು ಬಿಟ್ಟಳು. ಅಜ್ಜಿಯ ಚಹಾಕ್ಕೆ ಬೀಳುವ ಸಕ್ಕರೆಯ ಮೇಲೂ ಕಣ್ಣಿಟ್ಟಿದ್ದಾಳೆ. ಪಾಪ, ನಮ್ಮ ಅತ್ತೆ ಈಗ ಮೊಮ್ಮಗಳು ಶಾಲೆಗೆ ಹೋದ ಮೇಲೆ ಕದ್ದು ಚಹಾ ಕುಡಿಯುತ್ತಾರೆ. ಕಲಿಸಿ ಸ್ವಾಮೀ, ಯಾರು ಬೇಡ ಎಂದರು? ಆದರೆ ಈಜು ಕಲಿಸುತ್ತೇವೆಂದು ಕೆರೆ ಮುಚ್ಚುವವರನ್ನು ಏನೆಂದು ಕರೆಯುವುದು?

ಈ ಮಗಳನ್ನು ಬೀದಿಯಲ್ಲೆಲ್ಲ ಚೂಟಿ ಎಂದೇ ಕರೆಯುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಗೇಟಿನಿಂದ ಅಂಗಡಿಗೆ ಅವಳು ನಡೆದು ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಬಂದ ರಭಸಕ್ಕೆ ದಾರದ ಉಂಡೆಗಳೆಲ್ಲ ಚೆಲ್ಲಾಪಿಲ್ಲಿ. ಅಂಥವಳಿಗೆ ಆರೋಗ್ಯದ ಪರೀಕ್ಷೆಯಲ್ಲಿ ‘ವ್ಯಾಯಾಮ ಎಂದರೇನು?’ ಎಂದು ಕೇಳಿದ್ದರು. ‘ಆಟದ ಪೀರಿಯಡ್. ಈಗ ಇಲ್ಲ’ ಎಂದು ಬರೆದು ಬಂದಳು. ಸೊನ್ನೆ ಸಿಕ್ಕಿತು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು.

“ನಿಮ್ಮ ಮಗಳು ವ್ಯಾಯಾಮದಲ್ಲಿ ತುಂಬಾ ಹಿಂದೆ ಇದಾಳಮ್ಮ. ಒಂದು ಕಡೆ ಕೂರೋದೇ ಇಲ್ಲ.”

“ಅಲ್ಲ ಮೇಡಂ, ಕೂತ್ಕೊಂಡ್ರೆ ಅದು ವ್ಯಾಯಾಮ ಹೇಗಾಗುತ್ತೆ?”

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ನಂಗೂ ಗೊತ್ತಾಗುತ್ತಮ್ಮ. ನಾನೇನ್ ಮಾಡ್ಲಿ ಹೇಳಿ? ಎಲ್ಲಾ ಮೇಲಿಂದ ಬಂದಿದ್ದು.”

ಆ ಮೇಲಿನವರು ತಾವೇ ಅಂತೆ. ಅದಕ್ಕೇ ಈ ಪತ್ರ.

ಕಳೆದ ವಾರ ಚೂಟಿ ಗೇಟಿನಿಂದ ನಡೆದುಕೊಂಡು ಬಂದಳು. ಬ್ಯಾಗನ್ನು ಎರಡೂ ಹೆಗಲಿಗೆ ಹಾಕಿಕೊಂಡು, ಆಚೆ ಈಚೆ ನೋಡಿ, ರಸ್ತೆ ದಾಟಿ, ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು. ಡಬ್ಬಿ ತೆಗೆದರೆ ಸೌತೆಕಾಯಿ ಹೋಳು ಹಾಗೇ ಇದ್ದವು. ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಕೈ ತೆಗೆಯುವಷ್ಟರಲ್ಲಿ ಅವಳೇ ಕೇಳಿದಳು: “ಅಮ್ಮಾ, ತುಂಬಾ ದಿನ ಓಡದೇ ಇದ್ರೆ ಓಡೋದು ಮರ್ತುಹೋಗುತ್ತಾ?”

ಆ ಪ್ರಶ್ನೆಗೆ ತಮ್ಮ ಪಠ್ಯಪುಸ್ತಕದಲ್ಲಿ ಉತ್ತರವಿದ್ದರೆ ಯಾವ ಪುಟದಲ್ಲಿದೆ ಎಂದು ತಿಳಿಸಿ.

ಪರದೆ ತೂಗುಹಾಕಲು ಜಾಗ ಬೇಕೇ? ಶಾಲೆಯ ಮಹಡಿ ಮೇಲಿನ ದೊಡ್ಡ ಕೋಣೆಯಲ್ಲಿ ಮುರಿದ ಬೆಂಚುಗಳು ವರ್ಷಗಳಿಂದ ವಿಶ್ರಾಂತಿ ಪಡೆಯುತ್ತಿವೆ. ಅವನ್ನು ಎಬ್ಬಿಸಿದರಾಯಿತು. ಆ ಬೆಂಚು ಇಳಿಸಲು ಬೇಕಾದರೆ ನಾನೂ ಬರುತ್ತೇನೆ, ನನಗೂ ಸ್ವಲ್ಪ ವ್ಯಾಯಾಮವಾಗುತ್ತದೆ.

ಕೊನೆಯದಾಗಿ ತಮ್ಮ ರಿಬ್ಬನ್ ವಿಚಾರ. ತಾವು ಕತ್ತರಿಸಲಿರುವ ಆ ಕೆಂಪು ಸ್ಯಾಟಿನ್ ನನ್ನ ಅಂಗಡಿಯಲ್ಲೇ ಇದೆ. ಅಂಚು ಹೊಲಿದುಕೊಡಿ ಎಂದು ಶಾಲೆಯವರು ಕೊಟ್ಟಿದ್ದರು. ಅಂಚು ಹೊಲಿದೆ, ಜೊತೆಗೆ, ಯಾರನ್ನೂ ಕೇಳದೆ, ಅದನ್ನು ನಡುವೆ ನಾನೇ ಕತ್ತರಿಸಿ ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದೇನೆ. ಓಡಿಬಂದ ಮಗುವಿನ ಎದೆ ತಾಗಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ತಾವು ಕತ್ತರಿ ತರುವ ಶ್ರಮ ತೆಗೆದುಕೊಳ್ಳಬೇಡಿ.

ಆದ್ದರಿಂದ ನನ್ನ ಬೇಡಿಕೆ: ಸೋಮವಾರ ಬನ್ನಿ, ಗೂಟ ಕೀಳಿಸಿ, ಆಟದ ಪೀರಿಯಡ್ಡನ್ನೂ ಊಟದ ಬಿಡುವನ್ನೂ ಮಕ್ಕಳಿಗೆ ವಾಪಸ್ ಕೊಡಿ. ಆಮೇಲೆ ಆ ರಿಬ್ಬನ್ನಿನ ಒಂದು ತುದಿ ತಾವು ಹಿಡಿದುಕೊಳ್ಳಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ಬಯಲಿನ ಆ ಕೊನೆಯಿಂದ ಚೂಟಿ ಬರುತ್ತಾಳೆ. ತಾವು ಮಾತ್ರ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಅವಳು ಓಡುವುದನ್ನು ಇನ್ನೂ ಮರೆತಿಲ್ಲ, ನಿಲ್ಲುವುದನ್ನು ಕಲಿತೇ ಇಲ್ಲ.

ಇಂತಿ,
ಮಂಡಿ ಹರಿದ ಪ್ಯಾಂಟುಗಳ ದಾರಿ ಕಾಯುತ್ತಾ ಕೂತಿರುವ,
ಗೇಟಿನೆದುರಿನ ಟೈಲರ್