ಎಂಟು ಮಾತ್ರೆ

೧೨ ಜೂನ್ ೨೦೦೬, ಸೋಮವಾರ

ಎಂಟು ಗಂಟೆಗೆ ಇಬ್ಬರ ಮಾತ್ರೆಯೂ ಆಯಿತು. ಎಂದಿನಂತೆ ದೇವಿರಮ್ಮನ ಅಂಗೈಗೆ ಹಾಕಿದವನು ನಾನೇ. ಆಮೇಲೆ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರ್. ತೂಕ ನೋಡಿದರು. ಎರಡು ತಿಂಗಳಲ್ಲಿ ನಾಲ್ಕು ಕೆಜಿ ಏರಿದ್ದಾಳೆ ಹೆಂಡತಿ. ನಾನು ಅರ್ಧ ಕೆಜಿ ಇಳಿದಿದ್ದೇನೆ — ಅದೂ ಚಪ್ಪಲಿ ಬಿಡದೆ ನಿಂತು.

ಕೌನ್ಸೆಲರ್ ಸುಮಿತ್ರಮ್ಮ ಅವಳ ಬೆನ್ನು ತಟ್ಟಿದರು. "ನೋಡ್ರೀ ಚೆಲುವರಾಜು, ನಿಮ್ಮನೆಯೋರ್ನ ನೋಡಿ ಕಲೀರಿ. ಒಂದ್ ಹೊತ್ತೂ ತಪ್ಸಿಲ್ಲ."

"ತಪ್ಸೋಕೆ ಇವ್ರು ಬುಟ್ರಲ್ವಾ ಮೇಡಂ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು.

ಅವಳು ನುಂಗುವ ಇದೇ ಮಾತ್ರೆ ಜನವರಿಯಲ್ಲಿ ನನಗೂ ಕೊಟ್ಟಿದ್ದರು. ತಿಂಗಳಿಗೇ ಲಿವರ್ ಊದಿತು. ಕಣ್ಣು ಹಳದಿ, ಬಾಯಿ ಕಹಿ. ಕಾಮಾಲೆ ಅಂದುಕೊಂಡು ಹಿನಕಲ್‌ಗೆ ಹೋಗಿ ನಾಟಿ ವೈದ್ಯ ಜವರಪ್ಪನ ಸೊಪ್ಪಿನ ರಸ ಕುಡಿದೆ. ಮಾತ್ರೆಯಿಂದಲೇ ಹೀಗಾದದ್ದು ಎಂದು ಡಾಕ್ಟರು ಆಮೇಲೆ ಬೇರೆಯದು ಕೊಟ್ಟರು. ಸುಣ್ಣ ಬಳಿಯಲು ಏಣಿ ಹತ್ತುವ ಶಕ್ತಿ ಇನ್ನೂ ಬಂದಿಲ್ಲ.

ನನ್ನ ಲಿವರ್ ತಾಳದ್ದು ಅವಳಿಗೆ ಅಮೃತ.

೧೪ ಜೂನ್, ಬುಧವಾರ

ಅಗ್ರಹಾರದ ಗ್ರಂಧಿಗೆ ಅಂಗಡಿಯಲ್ಲಿ ಅರಿಶಿನ ಪೊಟ್ಟಣ ಕಟ್ಟಿ ಸಂಜೆ ಬಂದಳು. ಕೈಯೆಲ್ಲ ಅರಿಶಿನ. ಪಕ್ಕದ ಮನೆ ಚಿಕ್ಕಮಾದಮ್ಮ ಬಾಗಿಲಲ್ಲೇ ಹಿಡಿದಳು. "ಏನ್ ದೇವೀ, ಮದ್ಲಗಿತ್ತಿ ಅಂಗೆ ಹೊಳೀತಿದ್ದೀಯ!" ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕಣ್ಣ ಒಣಗಿದ ಹಾಗಲಕಾಯಿ ಅಂಗೆ?"

ಎಚ್‌ಐವಿ ಮನೆಗೆ ತಂದವನು ನಾನು. ಕೆನ್ನೆ ತುಂಬಿಕೊಂಡವಳು ಅವಳು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಹೊಟ್ಟೆಕಿಚ್ಚು ಪಡುವವಳು ಸವತಿ. ಗಂಡ ಪಟ್ಟದ್ದನ್ನು ಕೇಳಿಲ್ಲ...

೧೭ ಜೂನ್, ಶನಿವಾರ, ಬೆಳಿಗ್ಗೆ

ರೊಟ್ಟಿ ಮುಟ್ಟಲಿಲ್ಲ. ವಾಕರಿಕೆಯಂತೆ. ಮಾತ್ರೆಗೆ ಕೈ ಚಾಚಿ ಮುಖ ಎತ್ತಿದಳು. ಕಿಟಕಿ ಬೆಳಕು. ಕಣ್ಣಿನ ಬಿಳಿಯಲ್ಲಿ ಹಳದಿ.

ಅರಿಶಿನ ಕೈಗೆ ಹತ್ತುತ್ತದೆ, ಕಣ್ಣೊಳಗೆ ಹೋಗುವುದಿಲ್ಲ. ಆ ಬಣ್ಣ ನನಗೆ ಗೊತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಇವಳ ಬಾಯಿಯೂ ಒಂದು ಸಲ ಕಹಿಯಾಗಲಿ, ಸುಮಿತ್ರಮ್ಮ ಇವಳನ್ನೂ ನೋಡಿ ಒಂದು ಸಲ ಅಯ್ಯೋ ಅನ್ನಲಿ. ಅಷ್ಟೇ ಅಂದುಕೊಂಡದ್ದು. ಮಾತ್ರೆ ಅಂಗೈಗೆ ಹಾಕಿದೆ.

೧೮ ಜೂನ್, ಭಾನುವಾರ

"ಕೈಕಾಲು ಸೋತೋಗ್ತವೆ ಕಣ್ರೀ. ಕಣ್ಣೂ ಒಂಥರಾ ಕಾಣ್ತದೆ ಅಂತವ್ಳೆ ಮಾದಮ್ಮ."

"ಅರಿಶಿನದ ಧೂಳು ಕಣೇ, ತೊಳ್ಕೋ," ಅಂದೆ.

ನಾನೇ ಅಂದೆ.

೨೧ ಜೂನ್, ಬುಧವಾರ, ಆಸ್ಪತ್ರೆ

ನಿನ್ನೆ ರಾತ್ರಿಯಿಡೀ ವಾಂತಿ. ಬೆಳಿಗ್ಗೆ ಮಾತ್ರೆ ಕೊಡಲು ಕೈ ಬರಲಿಲ್ಲ. "ಕಣ್ಣು ಹಳದಿಯಾಗಿದೆ, ನಡಿ" ಅಂದು ಆಟೊ ಹತ್ತಿಸಿದೆ. ರಕ್ತ ಪರೀಕ್ಷೆ ಬಂತು. ಲಿವರ್ ನನಗಿಂತ ಜಾಸ್ತಿ ಕೆಟ್ಟಿದೆ. ಮಾತ್ರೆ ನಿಲ್ಲಿಸಿದರು.

"ಹಳದಿ ಯಾವತ್ತಿಂದ?" ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಇವತ್ತೇ ಸಾರ್. ಇವ್ರೇ ಕಂಡಿಡಿದಿದ್ದು. ನಾನು ಅರಿಶ್ನ ಅಂದ್ಕೊಂಡು ಬುಟ್ಟಿದ್ದೆ."

"ಭೇಷ್ ಚೆಲುವರಾಜು. ನಾಲ್ಕು ದಿನ ಬಿಟ್ಟು ಬಂದಿದ್ರೆ ಐಸಿಯುಗೇ ಹಾಕ್ಬೇಕಿತ್ತು. ಇವತ್ತಷ್ಟೇ ಅಂದ್ರೆ ವಾರ್ಡಲ್ಲೇ ನೋಡೋಣ."

ಆರು ತಿಂಗಳಲ್ಲಿ ಮೊದಲ ಹೊಗಳಿಕೆ. ಹಿತವಾಯಿತು. ಅದನ್ನೂ ಬರೆದಿಡುತ್ತೇನೆ — ಹಿತವಾಯಿತು.

ಈಗ ಡ್ರಿಪ್ ಹಾಕಿದ್ದಾರೆ. ಪಕ್ಕದ ಮಂಚದ ಬಸಮ್ಮನಿಗೆ ಹೇಳುತ್ತಿದ್ದಾಳೆ: "ನಮ್ಮೆಜಮಾನ್ರು ನೋಡ್ದಿದ್ರೆ ನಾನು ಇವತ್ತೂ ನುಂಗ್ಬುಡ್ತಿದ್ದೆ."

ಶನಿವಾರದಿಂದ ನಿನ್ನೆಯವರೆಗೆ ನಾಲ್ಕು ದಿನ, ದಿನಕ್ಕೆ ಎರಡು ಹೊತ್ತು. ಎಂಟು ಮಾತ್ರೆ. ಒಂದೊಂದನ್ನೂ ನಾನೇ ಹಾಕಿದ್ದು.

ಡಾಕ್ಟರು ವಾರ್ಡಿನ ಆ ತುದಿಯಿಂದ ರೌಂಡ್ಸ್ ಮುಗಿಸಿಕೊಂಡು ಬರುತ್ತಿದ್ದಾರೆ. ಇನ್ನು ಎರಡು ಮಂಚ. ಹೇಳಿದರೆ ಇವಳ ಎದುರಿಗೇ ಹೇಳಬೇಕು.

"ಅದೇನು ಗೀಚ್ತಾ ಕೂತಿದ್ದೀರಿ, ಡಾಕ್ಟ್ರು ಬಂದ್ರು, ಏಳಿ," ಅನ್ನುತ್ತಿದ್ದಾಳೆ.

ಏಳುತ್ತೇನೆ. ಶನಿವಾರ, ಸಾರ್. ಇವತ್ತಲ್ಲ, ಶನಿವಾರವೇ ನಾನು ಆ ಹಳದಿ ನೋಡಿ —